ಮೂವತ್ತೊಂದನೆಯ ಸಾಲು

ಆಫೀಸಿನಲ್ಲಿ ಅವಳಿಗೆ ತಕ್ಕಡಿ ಎಂದು ಹೆಸರಿಟ್ಟವನು ಮೂಲೆ. ಮೂಲೆ ಎಂದರೆ ಕಿಟಕಿಗೆ ಬೆನ್ನು ಹಾಕಿ ಕೊನೆಯ ಮೇಜಿನಲ್ಲಿ ಕೂತು ಪ್ರೋಗ್ರಾಂ ಬರೆಯುವವನು. ಅವನಿಗೆ ಆ ಹೆಸರು ಯಾರಿಟ್ಟರೋ ಯಾರಿಗೂ ನೆನಪಿಲ್ಲ. ತಕ್ಕಡಿ ಎಂದು ಕರೆದಾಗಲೆಲ್ಲ ಅವಳು ಹುಬ್ಬು ಗಂಟಿಕ್ಕುತ್ತಿದ್ದಳು. ಒಳಗೊಳಗೆ ಆ ಹೆಸರು ಅವಳಿಗೆ ಹಿಡಿಸಿತ್ತು.

ಕಂಪನಿ ನಡೆಸುತ್ತಿದ್ದುದು ಒಂದೇ ಒಂದು ಆ್ಯಪ್. ಆಸ್ಪತ್ರೆಯಲ್ಲಿ ಕಾಯಂ ನರ್ಸುಗಳು ಸಾಲದೇ ಬಂದಾಗ, ಇಂಥ ವಾರ್ಡಿಗೆ ಇವತ್ತು ಒಬ್ಬರು ಬೇಕು ಎಂದು ಅದರಲ್ಲಿ ಹಾಕುತ್ತಾರೆ. ನಾಲ್ಕು ಸಾವಿರ ನರ್ಸುಗಳ ಫೋನು ಒಟ್ಟಿಗೆ ಟಿಣ್ ಎನ್ನುತ್ತದೆ. ತೆರೆಯ ಕೆಳಗಿರುವ 'ಬರುತ್ತೇನೆ' ಎಂಬ ಬಟನ್ ಯಾರು ಮೊದಲು ಒತ್ತಿದರೋ ಡ್ಯೂಟಿ ಅವರದು. ಉಳಿದವರು ಮುಂದಿನ ಟಿಣ್‌ಗೆ ಕಾಯಬೇಕು.

ಅಂಥ ಆ್ಯಪಿನಲ್ಲಿ ದಿನಕ್ಕೊಂದು ತೊಂದರೆ. ಅವಳು ಕೆಲಸಕ್ಕೆ ಸೇರುವ ಮೊದಲು, ಯಾರ ಗಂಟಲು ದೊಡ್ಡದೋ ಅವರ ತೊಂದರೆ ಮೊದಲು ರಿಪೇರಿಯಾಗುತ್ತಿತ್ತು. ದೊಡ್ಡ ಆಸ್ಪತ್ರೆಯ ಆಡಳಿತದವರು ಫೋನಿನಲ್ಲಿ ಗದರಿದರೆ ಇಡೀ ಆಫೀಸು ಮಾಡುತ್ತಿದ್ದುದನ್ನು ಬಿಟ್ಟು ಆ ಕಡೆ ಓಡುತ್ತಿತ್ತು. ಮ್ಯಾನೇಜರ ಭಾವಮೈದುನನ ಫೋನಿನಲ್ಲಿ ಅಕ್ಷರ ಸಣ್ಣದಾಗಿ ಕಾಣುತ್ತದೆಂದು ಒಂದು ವಾರ ಎಲ್ಲರೂ ಅಕ್ಷರ ಹಿಗ್ಗಿಸುತ್ತ ಕೂತದ್ದೂ ಉಂಟು. ಅದನ್ನೆಲ್ಲ ನಿಲ್ಲಿಸಿದವಳು ಅವಳು. ಒಂದು ಹಾಳೆ ಮಾಡಿದಳು. ಒಂದು ತೊಂದರೆಗೆ ಒಂದು ಸಾಲು. ಎಷ್ಟು ಜನಕ್ಕೆ, ಎಷ್ಟು ಸೆಕೆಂಡು ತಡ, ಪೆಟ್ಟು ಎಷ್ಟು. ಮೂರನ್ನೂ ಗುಣಿಸಿದರೆ ಬರುವುದೇ ಆ ತೊಂದರೆಯ ತೂಕ. ಪೆಟ್ಟಿಗೆ ಮೂರೇ ದರ್ಜೆ: ಬರೀ ಕಿರಿಕಿರಿಯಾದರೆ ಒಂದು, ಕೆಲಸ ನಿಂತು ಆಮೇಲೆ ಮುಂದುವರಿದರೆ ಎರಡು, ಕೈತಪ್ಪಿ ಹೋದದ್ದು ಮತ್ತೆ ಸಿಗದಿದ್ದರೆ ಮೂರು. ಜನರ ಲೆಕ್ಕವನ್ನು ಕಂಪ್ಯೂಟರೇ ವಾರಕ್ಕೊಮ್ಮೆ ತುಂಬುತ್ತಿತ್ತು. ಪೆಟ್ಟಿನ ಅಂಕಿ ಮಾತ್ರ ಅವಳ ಕೈಯದು. ಮಂಗಳವಾರ ಬೆಳಿಗ್ಗೆ ಗಾಜಿನ ಕೋಣೆಯಲ್ಲಿ ಎಲ್ಲರೂ ಕೂತಾಗ ಮೇಲಿನ ಎರಡು ಸಾಲು ಆ ವಾರದ ರಿಪೇರಿಗೆ ಹೋಗುತ್ತಿದ್ದವು. ಉಳಿದವು ಕಾಯುತ್ತಿದ್ದವು. ಇಪ್ಪತ್ತಕ್ಕಿಂತ ಕಡಿಮೆ ಜನಕ್ಕೆ ತಟ್ಟುವ ತೊಂದರೆ ತಾನಾಗಿ ಹಾಳೆಯಿಂದ ಉದುರುತ್ತಿತ್ತು.

ಇನ್ನೆರಡು ನಿಯಮಗಳನ್ನೂ ಅವಳೇ ಬರೆದಿದ್ದಳು. ಹಾಳೆಯಲ್ಲಿ ಸರದಿ ಬಾರದ ಕೆಲಸವನ್ನು ಯಾರೂ ಗುಟ್ಟಾಗಿ ಮಾಡಕೂಡದು. ತೂಗುವವರ ಬಂಧುಬಳಗದವರು ಯಾವುದಾದರೂ ಸಾಲಿನಲ್ಲಿದ್ದರೆ ಅದನ್ನು ಹೇಳಿ, ಆ ಸಾಲನ್ನು ಮ್ಯಾನೇಜರ ಕೈಗೆ ಕೊಡಬೇಕು. ಈ ಎರಡನೆಯ ನಿಯಮ ಓದಿದಾಗ ಭಾವಮೈದುನನ ನೆನಪಾಗಿ ಮ್ಯಾನೇಜರು ಕೆಮ್ಮಿದ್ದರು.

ವಸಂತದ ಹೊತ್ತಿಗೆ ಹಾಳೆಗೆ ಹೊಸದೊಂದು ತೊಂದರೆ ಬಂತು. ಡ್ಯೂಟಿ ತೋರಿಸುವ ಪುಟದಲ್ಲಿ ಆಸ್ಪತ್ರೆಯ ಕಟ್ಟಡದ ದೊಡ್ಡ ಫೋಟೋ ಇರಲಿ ಎಂದು ಆಸ್ಪತ್ರೆಯವರು ಕೇಳಿದ್ದರು, ಕಂಪನಿಯವರು ಹಾಕಿದ್ದರು. ಆ ಫೋಟೋ ಬಂದ ಮೇಲೆ ಹಳೇ ಫೋನುಗಳಲ್ಲಿ ಪುಟ ತೆರೆಯಲು ಒಂಬತ್ತು ಸೆಕೆಂಡು ತಡ. ಜನ, ನೂರ ಅರವತ್ತು. ಪೆಟ್ಟಿನ ಕಡೆ ಬಂದಾಗ ಅವಳು ಅರೆ ನಿಮಿಷ ಯೋಚಿಸಿದಳು. ಅವತ್ತು ನಲವತ್ತು ಸಾಲು ತೂಗುವುದಿತ್ತು, ಮಧ್ಯಾಹ್ನದ ಊಟ ಇನ್ನೂ ಆಗಿರಲಿಲ್ಲ. ಒಂಬತ್ತು ಸೆಕೆಂಡು ಎಂದರೆ ಏನು, ಒಂದು ಆಕಳಿಕೆ. ಒಂದು ಎಂದು ಹಾಕಿದಳು. ಗುಣಿಸಿದಾಗ ಸಾವಿರದ ನಾನೂರ ನಲವತ್ತು ಬಂತು. ಮೂವತ್ತೊಂದನೆಯ ಸಾಲಾಯಿತು.

ಅದಾಗಿ ಎಂಟು ವಾರಕ್ಕೆ, ಒಂದು ಗುರುವಾರ, ಅವಳು ಹಲ್ಲು ಕೀಳಿಸಿಕೊಳ್ಳಲು ರಜೆ ಹಾಕಿದಳು. ದಂತವೈದ್ಯರ ಕ್ಲಿನಿಕ್ಕಿನಿಂದ ಅಕ್ಕನ ಮನೆ ನಾಲ್ಕು ಬೀದಿಯಾಚೆ. ಅಕ್ಕ ಡ್ಯೂಟಿಗೆ ಹೋಗಿರುತ್ತಾಳೆ, ತನ್ನ ಹತ್ತಿರ ಇರುವ ಬೀಗದ ಕೈಯಲ್ಲಿ ತೆಗೆದು ಸ್ವಲ್ಪ ಹೊತ್ತು ಮಲಗೋಣ ಎಂದುಕೊಂಡು ಹೋದರೆ ಬಾಗಿಲು ತೆರೆದೇ ಇತ್ತು. ಇಸ್ತ್ರಿ ಮಾಡಿದ ಯೂನಿಫಾರ್ಮ್ ಬಾಗಿಲ ಮೊಳೆಗೆ ನೇತಾಡುತ್ತಿತ್ತು. ಅಕ್ಕ ತಲೆ ಬಿಗಿಯಾಗಿ ಗಂಟು ಹಾಕಿಕೊಂಡು, ಕಾಲಿಗೆ ಬಿಳಿ ಶೂ ಸಹಿತ ಹಾಕಿಕೊಂಡು, ಮಹಡಿ ಮೆಟ್ಟಿಲ ಮೇಲೆ ಕೂತಿದ್ದಳು. ಸಿಗ್ನಲ್ ಚೆನ್ನಾಗಿ ಸಿಗುವ ಜಾಗ ಅದೊಂದೇ. ಕೈಯಲ್ಲಿ ಫೋನು.

"ಏನೇ ಪುಟ್ಟಿ, ಇಷ್ಟು ಹೊತ್ತಲ್ಲಿ? ಕೆಲಸದಿಂದ ಓಡಿಸಿದ್ರಾ?"

ನಲವತ್ತೊಂದು ವರ್ಷವಾದರೂ ಅಕ್ಕನಿಗೆ ಅವಳು ಪುಟ್ಟಿಯೇ. ಬಾಯಿಯಲ್ಲಿ ಹತ್ತಿ ಕಚ್ಚಿಕೊಂಡೇ ಅವಳು ಹೇಳಿದಳು: "ಹಲ್ಲು ಕೀಳಿಸ್ಕೊಂಡು ಬಂದೆ. ನೀನೇನು ಮನೇಲಿ?"

"ನನ್ನ ಯಾರೂ ಕೀಳ್ತಾನೂ ಇಲ್ಲ, ಊರ್ತಾನೂ ಇಲ್ಲ. ಅಲ್ಲಾಡ್ತಾ ಇದ್ದೀನಿ. ಕೂತ್ಕೋ, ಮಾತಾಡ್ಬೇಡ, ರಕ್ತ ನಿಲ್ಲಲ್ಲ."

ಅಷ್ಟರಲ್ಲಿ ಟಿಣ್ ಎಂದಿತು. ಅಕ್ಕನ ಮುಖ ಒಮ್ಮೆಗೇ ಬಿಗಿಯಾಯಿತು. ಗೆರೆಯ ಮೇಲೆ ನಿಂತು ಸೀಟಿ ಊದುವುದನ್ನೇ ಕಾಯುವ ಓಟಗಾರರ ಹಾಗೆ ಹೆಬ್ಬೆರಳು ತೆರೆಯ ಮೇಲೆ ಒಂದು ಅಂಗುಲ ಎತ್ತರದಲ್ಲಿ ನಿಂತಿತು. ತೆರೆಯ ತಲೆಯಲ್ಲಿ ಆಸ್ಪತ್ರೆಯ ಹೆಸರು ಮೂಡಿತು. ಅದರ ಕೆಳಗೆ ಕಟ್ಟಡದ ಫೋಟೋ, ಮೇಲಿಂದ ಚೂರುಚೂರಾಗಿ ಇಳಿಯತೊಡಗಿತು. ಮೊದಲು ಆಕಾಶ. ಆಮೇಲೆ ನೀರಿನ ಟ್ಯಾಂಕು. ಆಮೇಲೆ ಒಂದು ಸಾಲು ಕಿಟಕಿ. ಅವಳಿಗೇ ಗೊತ್ತಿಲ್ಲದೆ ಅವಳ ನಾಲಿಗೆ ಹತ್ತಿಯ ಹಿಂದೆ ಎಣಿಸುತ್ತಿತ್ತು. ಆರು, ಏಳು, ಎಂಟು. ಒಂಬತ್ತಕ್ಕೆ ಮುಂಬಾಗಿಲ ಮೆಟ್ಟಿಲು ಬಂತು, ಅದರ ಕೆಳಗೆ ಬಟನ್ ಬಂತು, ಅಕ್ಕ ಒತ್ತಿದಳು. 'ಈ ಡ್ಯೂಟಿ ಬೇರೆಯವರಿಗೆ ಹೋಗಿದೆ.'

"ಹತ್ತು ವರ್ಷದಿಂದ ಇದರ ಹಿಂಬಾಗಿಲಲ್ಲಿ ಹೋಗಿ ಬರ್ತಾ ಇದ್ದೀನಿ," ಅಕ್ಕ ಫೋನು ಮಡಿಲಲ್ಲಿಟ್ಟುಕೊಂಡು ನಕ್ಕಳು. "ಮುಂದೆ ಇಷ್ಟು ಚೆನ್ನಾಗಿದೆ ಅಂತ ಈಗ ಗೊತ್ತಾಯ್ತು. ಪುಣ್ಯಾತ್ಮರು ದಿನಾ ತೋರಿಸ್ತಾರೆ."

ಅವಳು ಹಲ್ಲು ಇನ್ನೂ ಗಟ್ಟಿಯಾಗಿ ಕಚ್ಚಿದಳು. ಹತ್ತಿ ಕಚ್ಚಿಕೊಂಡಿರಬೇಕೆಂದು ಡಾಕ್ಟರು ಹೇಳಿದ್ದು ಒಳ್ಳೆಯದೇ ಆಯಿತು.

ಅಕ್ಕ ನಿಧಾನವಾಗಿ ಹೇಳಿಕೊಂಡಳು. ಮಕ್ಕಳ ವಾರ್ಡಿಗೆ ಒಬ್ಬರನ್ನು ಕಾಯಂ ಮಾಡಿಕೊಳ್ಳುತ್ತಾರೆ. ಹನ್ನೆರಡು ತಿಂಗಳು ಬಿಡದೆ ಆ್ಯಪಿನ ಮೊದಲ ಪಟ್ಟಿಯಲ್ಲಿದ್ದವರನ್ನು ಮಾತ್ರ ಕರೆಯುತ್ತಾರೆ. ಮೊದಲ ಪಟ್ಟಿಯಲ್ಲಿ ಉಳಿಯಬೇಕಾದರೆ ತಿಂಗಳಿಗೆ ಹನ್ನೆರಡು ಡ್ಯೂಟಿ ಮಾಡಿರಬೇಕು. ಒಂದು ಕಡಿಮೆಯಾದರೂ ಹಿಂದಿನ ಪಟ್ಟಿಗೆ ತಳ್ಳುತ್ತಾರೆ. ಹಿಂದಿನ ಪಟ್ಟಿಯವರಿಗೆ ಉಳಿದವರು ಬೇಡವೆಂದ ಡ್ಯೂಟಿ. ಇದು ಅಕ್ಕನ ಹನ್ನೊಂದನೆಯ ತಿಂಗಳು. ಇವತ್ತು ಹದಿನೈದನೆಯ ತಾರೀಖು, ಆಗಿರುವುದು ಐದು. ಮುಂದಿನ ವರ್ಷ ಅಕ್ಕನಿಗೆ ಐವತ್ತು ತುಂಬುತ್ತದೆ, ಐವತ್ತಾದವರನ್ನು ಕಾಯಂ ಮಾಡಿಕೊಳ್ಳುವುದಿಲ್ಲ.

"ಮೊದಲೆಲ್ಲ ತಿಂಗಳಿಗೆ ಹದಿನೆಂಟು, ಇಪ್ಪತ್ತು ಸಿಗ್ತಿತ್ತು. ನನ್ನ ಬೆರಳೇ ನಿಧಾನ ಆಯ್ತೇನೋ ಅಂತ ಸೂಜಿಗೆ ಹೇಳ್ದೆ. ಅವಳದೂ ಇದೇ ಕಥೆಯಂತೆ. ಇಬ್ಬರೂ ಒಂದೇ ಅಂಗಡೀಲಿ ಒಂದೇ ದಿನ ತಗೊಂಡ ಫೋನು ನೋಡು."

ಸೂಜಿ ಅಕ್ಕನ ಜೊತೆಗೇ ನರ್ಸಿಂಗ್ ಕಲಿತವಳು. ಅವಳು ಚುಚ್ಚಿದರೆ ಮಕ್ಕಳೂ ಅಳುವುದಿಲ್ಲವೆಂದು ಬಂದ ಹೆಸರು.

"ನಾನು ಬೇರೆ ಫೋನ್ ತರ್ತೀನಿ," ಎಂದಳು ಅವಳು. "ಇವತ್ತೇ."

"ಫೋನ್ ಬದಲಾಯಿಸಿದ್ರೆ ಮತ್ತೆ ಹೊಸದಾಗಿ ಸೇರ್ಬೇಕಂತೆ ಕಣೇ. ಸರ್ಟಿಫಿಕೇಟು, ಫೋಟೋ, ಅವರು ನೋಡಿ ಒಪ್ಪೋಕೆ ಮೂರು ವಾರ. ಸೂಜಿ ಕೇಳಿದ್ದಾಳೆ. ಅಷ್ಟರಲ್ಲಿ ತಿಂಗಳೇ ಮುಗಿಯುತ್ತೆ."

ಅದು ಹಾಳೆಯ ನಲವತ್ತನಾಲ್ಕನೆಯ ಸಾಲು. ಅದಕ್ಕೂ ಅವಳು ಒಂದು ಎಂದೇ ಹಾಕಿದ್ದಳು. ಮೂರು ನಾಲ್ಕು ವರ್ಷಕ್ಕೊಮ್ಮೆ ಫೋನು ಬದಲಾಯಿಸುವವರಿಗೆ ಮೂರು ವಾರ ಯಾವ ಲೆಕ್ಕ ಎಂದುಕೊಂಡಿದ್ದಳು.

"ಕಂಪ್ಲೇಂಟ್ ಕೊಡ್ಲಿಲ್ವಾ?"

"ಕಂಪ್ಲೇಂಟಿನ ಬಟನ್ ಎಲ್ಲಿದೆ ಹೇಳು? ಅದೇ ಕಟ್ಟಡದ ಕೆಳಗೆ. ಅದು ಬರೋ ಹೊತ್ತಿಗೆ ಇನ್ನೊಂದು ಟಿಣ್ ಅಂದಿರುತ್ತೆ. ಡ್ಯೂಟಿ ಹಿಡೀಲಾ, ಕಂಪ್ಲೇಂಟ್ ಬರೀಲಾ?" ಅಕ್ಕ ಸೆರಗಿನಿಂದ ಫೋನಿನ ಗಾಜು ಒರೆಸಿದಳು. "ಎಮರ್ಜೆನ್ಸಿಲಿ ಕೂಗಾಡೋರ ಹತ್ರ ನಾವು ಸ್ವಲ್ಪ ತಡವಾಗಿ ಹೋದ್ರೂ ನಡೆಯುತ್ತೆ. ಕೂಗೋಕೆ ಉಸಿರಿದೆ ಅಂತ ಗೊತ್ತಾಯ್ತಲ್ಲ. ಸದ್ದೇ ಇಲ್ಲದೆ ಮಲಗಿರೋರ ಹತ್ರ ಮೊದಲು ಓಡು ಅಂತ ಹೇಳ್ಕೊಡ್ತಾರೆ. ನಿಮ್ಮ ಕಂಪ್ಯೂಟರ್‌ನೋರಿಗೆ ಅದನ್ನ ಯಾರು ಹೇಳ್ಕೊಡ್ಬೇಕು."

ಬೇರೆ ಕಡೆ ನೋಡುತ್ತ ಅಕ್ಕ ಮತ್ತೆ ಹೇಳಿದಳು: "ನಿಂದೇ ಕಂಪನಿ ಅಲ್ವೇನೇ. ನಿನಗೆ ಮುಜುಗರ ಆಗುತ್ತೆ ಅಂತ ಇಷ್ಟು ದಿನ ಬಾಯಿ ಬಿಡ್ಲಿಲ್ಲ. ಯಾರು ನೋಡ್ಕೋತಾರೋ ಅವರಿಗೆ ಒಂದು ಮಾತು ಹೇಳಕ್ಕಾಗುತ್ತಾ?"

"ಹೇಳ್ತೀನಿ."

ಅಕ್ಕ ಎಂದೂ ಅವಳನ್ನು ಏನನ್ನೂ ಕೇಳಿದವಳಲ್ಲ. ಇಪ್ಪತ್ತು ವರ್ಷದ ಹಿಂದೆ ಅಕ್ಕನಿಗೆ ಕಾಯಂ ಕೆಲಸವಿತ್ತು. ಅಮ್ಮನಿಗೆ ಲಕ್ವ ಹೊಡೆದು ಹಾಸಿಗೆ ಹಿಡಿದಾಗ ಇಬ್ಬರಲ್ಲೊಬ್ಬರು ಮನೆಯಲ್ಲಿರಬೇಕಾಯಿತು. ತಂಗಿಗೆ ಅದು ಕಾಲೇಜಿನ ಕೊನೆಯ ವರ್ಷ. ಯಾರೂ ಯಾರನ್ನೂ ಕೇಳಲಿಲ್ಲ. ಒಂದು ಸಂಜೆ ಅಕ್ಕ ಯೂನಿಫಾರ್ಮ್ ಒಗೆದು, ಒಣಗಿಸಿ, ಮಡಿಚಿ ಪೆಟ್ಟಿಗೆಯ ತಳಕ್ಕೆ ಹಾಕಿದಳು. ಅಮ್ಮ ಏಳು ವರ್ಷ ಮಲಗಿದ್ದಳು. ಆ ಏಳು ವರ್ಷದಲ್ಲಿ ತಂಗಿ ಓದು ಮುಗಿಸಿ, ಕೆಲಸ ಹಿಡಿದು, ಎರಡು ಬಡ್ತಿ ಪಡೆದಿದ್ದಳು.

ಶುಕ್ರವಾರ ಆಫೀಸಿಗೆ ಎಲ್ಲರಿಗಿಂತ ಮೊದಲು ಹೋಗಿ ಹಾಳೆ ತೆರೆದಳು. ಮೂವತ್ತೊಂದನೆಯ ಸಾಲಿನ ಪೆಟ್ಟನ್ನು ಒಂದರಿಂದ ಮೂರಕ್ಕೆ ಏರಿಸಿದಳು. ಕಾರಣದ ಅಂಕಣದಲ್ಲಿ 'ಡ್ಯೂಟಿ ಕೈತಪ್ಪುತ್ತದೆ, ಮತ್ತೆ ಸಿಗುವುದಿಲ್ಲ' ಎಂದು ಬರೆದಳು. ತೂಕ ಸಾವಿರದ ಆರುನೂರ ಇಪ್ಪತ್ತಕ್ಕೆ ಬಂದು ನಿಂತಿತು, ಸಾಲು ಇಪ್ಪತ್ತೆಂಟನೆಯ ಜಾಗಕ್ಕೆ ಮಾತ್ರ ಏರಿತು. ಏನೋ ತಪ್ಪಾಗಿರಬೇಕು ಎಂದು ಮತ್ತೆ ನೋಡಿದಳು. ತಪ್ಪಾಗಿರಲಿಲ್ಲ. ಜನರ ಅಂಕಣದಲ್ಲಿ ನೂರ ಅರವತ್ತು ಇದ್ದದ್ದು ಅರವತ್ತಾಗಿತ್ತು.

ನೂರು ಜನ ಎಲ್ಲಿ ಹೋದರು ಎಂದು ಹುಡುಕಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಕಂಪ್ಯೂಟರು ಎಣಿಸುತ್ತಿದ್ದುದು ಮೊದಲ ಪಟ್ಟಿಯವರನ್ನು ಮಾತ್ರ. ಹಾಗೆ ಎಣಿಸಲು ಹೇಳಿದವಳೂ ಅವಳೇ. ಹಳೇ ಫೋನಿನವರಿಗೆ ಡ್ಯೂಟಿ ತಪ್ಪುತ್ತಿತ್ತು. ಡ್ಯೂಟಿ ತಪ್ಪಿದವರು ಹಿಂದಿನ ಪಟ್ಟಿಗೆ ಬೀಳುತ್ತಿದ್ದರು. ಬಿದ್ದವರು ಲೆಕ್ಕಕ್ಕೆ ಸಿಗುತ್ತಿರಲಿಲ್ಲ. ತೊಂದರೆ ಜನರನ್ನು ನುಂಗಿದಷ್ಟೂ ಹಾಳೆಯ ಮೇಲೆ ಹಗುರವಾಗುತ್ತ ಬಂದಿತ್ತು. ಅವಳು ಇನ್ನೊಂದು ಲೆಕ್ಕ ಮಾಡಿದಳು, ಮಾಡಬಾರದಿತ್ತು. ಮೊದಲ ದಿನವೇ ಮೂರು ಹಾಕಿದ್ದರೆ ತೂಕ ನಾಲ್ಕು ಸಾವಿರದ ಮುನ್ನೂರ ಇಪ್ಪತ್ತು. ಆ ವಾರ ಹಾಳೆಯಲ್ಲಿ ಎಲ್ಲಕ್ಕಿಂತ ಮೇಲಿದ್ದ ಸಾಲಿನ ತೂಕ ಮೂರು ಸಾವಿರದ ಎಂಟುನೂರು.

ಮೂಲೆ ಬಂದು ಚೀಲ ಇಳಿಸುವುದರೊಳಗೆ ಅವನ ಮೇಜಿನ ಹತ್ತಿರ ನಿಂತಳು. "ಆ ಫೋಟೋದ್ದು ಎಷ್ಟು ದಿನದ ಕೆಲಸ?"

"ಹಳೇ ಫೋನಿಂದಾ? ಎರಡು ದಿನ. ಬಟನ್ನು ಫೋಟೋ ಮೇಲಕ್ಕೆ ತಂದ್ರೆ ಅರ್ಧ ಮುಗೀತು."

"ಮಾಡ್ಬಿಡ್ತೀರಾ?"

ಅವನು ಅವಳ ಮುಖ ನೋಡಿ, ಹಾಳೆ ತೆರೆದು ನೋಡಿ, ಮತ್ತೆ ಅವಳ ಮುಖ ನೋಡಿದ. "ಇಪ್ಪತ್ತೆಂಟನೇ ಸಾಲು ಇದು. ಹೋದ ವರ್ಷ ಸರದಿ ಇಲ್ಲದ್ದೊಂದು ಸರಿಮಾಡಿದ್ದಕ್ಕೆ ಎಲ್ಲರ ಮುಂದೆ ಯಾರು ನನ್ನ ನೀರಿಳಿಸಿದ್ದು ಅಂತ ನೆನಪಿದ್ಯಾ ತಕ್ಕಡಿ ಮೇಡಂ?"

ನೆನಪಿತ್ತು.

ಮಂಗಳವಾರ ಗಾಜಿನ ಕೋಣೆಯಲ್ಲಿ ಮೇಲಿನ ಸಾಲಿನಲ್ಲಿದ್ದುದು ಹೊಸ ಫೋನುಗಳ ಪುಟ. ಎಲ್ಲರಿಗೂ ಒಂದು ಸೆಕೆಂಡು ತಡ. ನಾಲ್ಕು ಸಾವಿರ ಜನ, ಒಂದು ಸೆಕೆಂಡು, ಕಿರಿಕಿರಿ ಒಂದು. ತೂಕ ನಾಲ್ಕು ಸಾವಿರ. ಮ್ಯಾನೇಜರು ಮುಂದಕ್ಕೆ ಹೋಗುವ ಮೊದಲೇ ಅವಳು ಬಾಯಿ ತೆರೆದಳು.

"ಇದಕ್ಕಿಂತ ಮೊದಲು ಇಪ್ಪತ್ತೆಂಟನೇದು ತಗೊಳ್ಳಬೇಕು ಅನ್ಸುತ್ತೆ ಸರ್. ಎಲ್ಲರಿಗೂ ಒಂದು ಸೆಕೆಂಡು ತಡ ಆದ್ರೆ ಯಾರಿಗೂ ಏನೂ ತಪ್ಪಲ್ಲ, ಎಲ್ಲರೂ ಸಮ. ಕೆಲವರಿಗೆ ಮಾತ್ರ ಒಂಬತ್ತು ಆದ್ರೆ ಅವರಿಗೆ ಎಲ್ಲಾನೂ ತಪ್ಪುತ್ತೆ. ಈ ಮೇಲಿನ ಸಾಲನ್ನ ಸರಿಮಾಡಿದ್ರೆ ಉಳಿದವರು ಇನ್ನೂ ಒಂದು ಸೆಕೆಂಡು ಮುಂದೆ ಹೋಗ್ತಾರೆ, ಅಷ್ಟೇ."

"ಅರವತ್ತು ಜನ," ಎಂದರು ಮ್ಯಾನೇಜರು, ಹಾಳೆಯ ಮೇಲೆ ಬೆರಳಿಟ್ಟು. "ನಾಲ್ಕು ಸಾವಿರದಲ್ಲಿ."

"ನೂರ ಅರವತ್ತು ಇದ್ರು."

"ಅಂದ್ರೆ ಕಮ್ಮಿ ಆಗ್ತಾ ಇದೆ. ಒಳ್ಳೇದೇ ಆಯ್ತಲ್ಲ. ಜನ ಹೊಸ ಫೋನ್ ತಗೋತಿರಬೇಕು." ಅವರು ಕನ್ನಡಕ ತೆಗೆದರು. ಗದರುವ ಮನುಷ್ಯರಲ್ಲ ಅವರು, ಮೃದುವಾಗಿಯೇ ಹೇಳಿದರು. "ಅಳೋರ ಮುಖ ನೋಡ್ಬೇಡಿ, ಅಂಕಿ ನೋಡಿ ಅಂತ ನಮಗೆಲ್ಲ ಪಾಠ ಮಾಡಿದ್ದು ನೀವೇ. ನಾವು ಕಲಿತ್ಕೊಂಡ್ವಿ. ಈಗ ನೀವೇ ಹೀಗಂದ್ರೆ ಹೇಗೆ? ಯಾಕೆ, ಯಾರಾದ್ರೂ ನಿಮ್ಮೋರು ಇದ್ದಾರಾ ಇದರಲ್ಲಿ?"

ಎಲ್ಲರೂ ಅವಳ ಕಡೆ ತಿರುಗಿದರು. ಮೂಲೆಯೂ ತಲೆಯೆತ್ತಿದ. ಇದ್ದಾರೆ ಎನ್ನುವುದಕ್ಕೆ ಎಷ್ಟು ಹೊತ್ತು ಬೇಕು. ಇದ್ದಾರೆ ಎಂದರೆ ಸಾಲು ಕೈಬಿಟ್ಟು ಹೋಗುತ್ತದೆ, ಅದರ ಪರವಾಗಿ ಇನ್ನು ಮಾತಾಡುವಂತಿಲ್ಲ ಎಂದುಕೊಂಡಳು. ಇವತ್ತು ನನ್ನ ಅಕ್ಕ, ನಾಳೆ ಮತ್ತೊಬ್ಬರ ಭಾವ, ಹಾಳೆಗೆ ಮೂರು ಕಾಸಿನ ಬೆಲೆ ಇರುವುದಿಲ್ಲ ಎಂದುಕೊಂಡಳು. ಇವೆಲ್ಲ ನಿಜವೇ. ಇವುಗಳ ಅಡಿಯಲ್ಲಿದ್ದ ನಿಜ ಇನ್ನೊಂದು. ಇದ್ದಾರೆ ಎಂದರೆ ಮುಂದಿನ ಪ್ರಶ್ನೆ ಬರುತ್ತದೆ: ಹಾಗಾದರೆ ಮೊದಲು ಒಂದು ಹಾಕಿದ್ದು ಯಾಕೆ?

"ಇಲ್ಲ," ಎಂದಳು.

"ಹಾಗಾದ್ರೆ ಕಾಯ್ಲಿ ಬಿಡಿ," ಎಂದರು ಮ್ಯಾನೇಜರು.

ಭಾನುವಾರ ಅಕ್ಕನ ಮನೆಯಲ್ಲಿ ಕೂತು ಅವಳು ಫೋನನ್ನು ಪಾತ್ರೆ ತಿಕ್ಕಿದ ಹಾಗೆ ತಿಕ್ಕಿದಳು. ಬೇಡದ ಆ್ಯಪುಗಳನ್ನು ತೆಗೆದಳು. ಯಾರೋ ಕಳಿಸಿದ್ದ ಶುಭಾಶಯದ ಹೂವಿನ ಚಿತ್ರಗಳು ಎರಡು ಸಾವಿರ ಇದ್ದವು, ಅಳಿಸಿದಳು. ಅಮ್ಮನ ನಾಲ್ಕು ಫೋಟೋಗಳನ್ನು ತನ್ನ ಫೋನಿಗೆ ಹಾಕಿಕೊಂಡು ಅವನ್ನೂ ಅಳಿಸಿದಳು. ಪುಟ ಎಂಟು ಸೆಕೆಂಡಿಗೆ ತೆರೆಯಿತು.

"ಅಬ್ಬಾ, ಮಂತ್ರ ಹಾಕ್ದೆ ನೋಡು," ಎಂದಳು ಅಕ್ಕ. ಅವಳಿಗೆ ನಿಜಕ್ಕೂ ಖುಷಿಯಾಗಿತ್ತು. ಅವತ್ತು ಒಂದು ಡ್ಯೂಟಿ ಸಿಕ್ಕಿತು, ಮರುದಿನ ಇನ್ನೊಂದು. ಬುಧವಾರ ಹೊಸ ಫೋನುಗಳ ರಿಪೇರಿ ಮುಗಿದು ಎಲ್ಲರ ಪುಟವೂ ಒಂದು ಸೆಕೆಂಡು ಬೇಗ ತೆರೆಯತೊಡಗಿತು. ಅಕ್ಕನ ಫೋಟೋ ಮಾತ್ರ ಮೊದಲಿನ ಹಾಗೆಯೇ ಆಕಾಶದಿಂದ ಇಳಿಯುತ್ತಿತ್ತು. ಅಕ್ಕ ಭಾನುವಾರ ಗಳಿಸಿದ್ದ ಒಂದು ಸೆಕೆಂಡು ಅಲ್ಲಿಗೆ ಕಳೆದುಹೋಯಿತು.

ಆದರೂ ಅಕ್ಕ ಬಿಡಲಿಲ್ಲ. ಊರ ಹೊರಗಿನ ಆಸ್ಪತ್ರೆ, ಎರಡು ಬಸ್ಸು ಬದಲಾಯಿಸಿ ಹೋಗುವಂಥದ್ದು, ಯಾರೂ ಕೂಡಲೇ ಒತ್ತದಂಥದ್ದು, ಅಂಥವುಗಳನ್ನೇ ಹೆಕ್ಕಿ ಹೆಕ್ಕಿ ಇಪ್ಪತ್ತೆಂಟನೆಯ ತಾರೀಖಿಗೆ ಹನ್ನೊಂದು ಮಾಡಿದಳು. ಇಪ್ಪತ್ತೊಂಬತ್ತರಂದು ಏನೂ ಸಿಗಲಿಲ್ಲ. ಮೂವತ್ತರಂದು ತಂಗಿ ಮತ್ತೆ ರಜೆ ಹಾಕಿದಳು. ಇಬ್ಬರೂ ಬೆಳಿಗ್ಗೆ ಏಳರಿಂದ ಮಹಡಿ ಮೆಟ್ಟಿಲ ಮೇಲೆ ಕೂತರು. ಅಕ್ಕ ಯೂನಿಫಾರ್ಮ್ ಹಾಕಿಕೊಂಡೇ ಇದ್ದಳು. ಕೂತಲ್ಲಿ ಕೊಳೆಯಾಗಬಾರದೆಂದು ಕೆಳಗೆ ದಿಂಬಿನ ಚೀಲ ಹಾಸಿಕೊಂಡಿದ್ದಳು. ಆರು ಸಲ ಟಿಣ್ ಎಂದಿತು. ಆರು ಸಲವೂ ಕಟ್ಟಡ ಇಳಿಯಿತು. ಐದನೆಯ ಸಲ ಅಕ್ಕ ಬಟನ್ ಇನ್ನೂ ಬಾರದ ಜಾಗದಲ್ಲಿ ಸುಮ್ಮನೆ ಒತ್ತುತ್ತಲೇ ಇದ್ದಳು, ಕರೆಗಂಟೆ ಒತ್ತಿದ ಹಾಗೆ. ಸಂಜೆ ಆರಕ್ಕೆ ತಿಂಗಳ ಲೆಕ್ಕ ಮುಗಿಯಿತು. 'ನಿಮ್ಮನ್ನು ಹಿಂದಿನ ಪಟ್ಟಿಗೆ ಸೇರಿಸಲಾಗಿದೆ' ಎಂಬ ಸಾಲು ಬಂತು. ಅದಕ್ಕೆ ಫೋಟೋ ಇರಲಿಲ್ಲ.

ಅಕ್ಕ ಬಗ್ಗಿ ಶೂ ದಾರ ಬಿಚ್ಚಿದಳು. ಎರಡೂ ಶೂಗಳನ್ನು ಜೋಡಿಸಿ ಮೆಟ್ಟಿಲ ಪಕ್ಕಕ್ಕಿಟ್ಟಳು.

"ಹೇಳ್ತೀನಿ ಅಂದಿದ್ದೆ. ಹೇಳಿದ್ಯಾ?"

ಹೇಳಿದೆ, ಅವರು ಕೇಳಲಿಲ್ಲ ಎಂದುಬಿಡಬಹುದಿತ್ತು. ಅದು ಸುಳ್ಳೂ ಆಗುತ್ತಿರಲಿಲ್ಲ. ಆದರೆ ಇಡೀ ದಿನ ಆ ದಿಂಬಿನ ಚೀಲದ ಪಕ್ಕದಲ್ಲಿ ಕೂತಿದ್ದವಳಿಗೆ ಆ ಮಾತು ಬಾಯಿಗೆ ಬರಲಿಲ್ಲ. ಮೊದಲಿಂದ ಹೇಳಿದಳು. ಹಾಳೆ, ಗುಣಾಕಾರ, ಒಂದು, ಮೂರು. ಮ್ಯಾನೇಜರು ಕೇಳಿದ್ದು. ತಾನು ಇಲ್ಲ ಎಂದದ್ದು.

ಅಕ್ಕ ಪೂರ್ತಿ ಕೇಳಿಸಿಕೊಂಡಳು. ರೋಗಿಯ ಕಡೆಯವರ ಮಾತು ಕೇಳುವ ಹಾಗೆ, ಮಧ್ಯೆ ಬಾಯಿ ಹಾಕದೆ.

"ಆ ಒಂದು ಹಾಕಿದ್ದು ನೀನು."

"ಹೂಂ."

"ಹೋಗ್ಲಿ, ನಾನೂ ತಪ್ಪು ಮಾಡಿದ್ದೀನಿ. ಒಂದ್ಸಲ ಒಬ್ರ ಚೀಟಿ ಇನ್ನೊಬ್ರ ಮಂಚಕ್ಕೆ ಕಟ್ಟಿದ್ದೆ. ಕೆಲಸ ಅಂದ್ಮೇಲೆ ಆಗುತ್ತೆ." ಅಕ್ಕ ತಲೆಯ ಪಿನ್ನುಗಳನ್ನು ಒಂದೊಂದಾಗಿ ತೆಗೆದು ಬಾಯಲ್ಲಿ ಕಚ್ಚಿಕೊಳ್ಳುತ್ತ ಹೋದಳು, ಮಾತು ಪಿನ್ನುಗಳ ನಡುವಿಂದ ಬಂತು. "ಅಕ್ಕ ಇದ್ದಾಳೆ ಅಂದಿದ್ರೆ ಅವರು ಏನು ಮಾಡ್ತಿದ್ರು?"

"ಗೊತ್ತಿಲ್ಲ."

"ಗೊತ್ತಿದೆ ನಿನಗೆ."

ಅವಳು ತಲೆ ತಗ್ಗಿಸಿದಳು. ಭಾವಮೈದುನನಿಗೆ ಅಕ್ಷರ ಹಿಗ್ಗಿಸಿಕೊಟ್ಟ ಮನುಷ್ಯ ಏನು ಮಾಡುತ್ತಿದ್ದರೆಂಬುದು ಅವಳಿಗೆ ಗೊತ್ತಿತ್ತು.

"ಏಳು ವರ್ಷ," ಎಂದಳು ಅಕ್ಕ. ಆ ಮಾತನ್ನು ಮುಂದುವರಿಸಲೇ ಇಲ್ಲ. ಪಿನ್ನುಗಳನ್ನು ಬಾಯಿಂದ ತೆಗೆದು ಅಂಗೈಯಲ್ಲಿಟ್ಟುಕೊಂಡು, ಬೇರೆಯೇ ದನಿಯಲ್ಲಿ ಕೇಳಿದಳು: "ನನ್ನಂಥೋರು ಇನ್ನೆಷ್ಟು ಜನ ಉಳಿದಿದ್ದಾರೆ?"

"ಹತ್ತೊಂಬತ್ತು. ನಾಳೆ ಆ ಸಾಲೇ ಹಾಳೆಯಿಂದ ಹೋಗುತ್ತೆ."

"ಅದರಲ್ಲಿ ಸೂಜಿ ಇದ್ದಾಳೆ. ಈ ತಿಂಗಳು ಹೇಗೋ ಹನ್ನೆರಡು ಮಾಡ್ಕೊಂಡ್ಳು. ಅವಳಿಗಿನ್ನೂ ಎರಡು ತಿಂಗಳು ಬಾಕಿ, ವಯಸ್ಸೂ ನನಗಿಂತ ಎರಡು ವರ್ಷ ಚಿಕ್ಕದು. ಮಂಗಳವಾರ ಹೋಗಿ ಹೇಳು."

"ಏನಂತ?"

"ಅವಳು ನಿನ್ನ ಅಕ್ಕ ಅಂತ."

"ಅಕ್ಕ, ಅದು—"

"ಒಂದ್ಸಲ ಸುಳ್ಳು ಹೇಳಿದ್ದೀಯಲ್ಲ, ಇನ್ನೊಂದ್ಸಲಕ್ಕೆ ಅಷ್ಟು ಕಷ್ಟ ಆಗಲ್ಲ. ಇದರಿಂದ ಯಾರಿಗಾದ್ರೂ ಉಪಯೋಗಾನೂ ಆಗುತ್ತೆ." ಅಕ್ಕ ಎದ್ದು ಒಳಗೆ ಹೋದಳು. ಯೂನಿಫಾರ್ಮ್ ಬದಲಾಯಿಸಿ ಬಂದವಳು ಊಟಕ್ಕೆ ಇರು ಎನ್ನಲಿಲ್ಲ.

ಮಂಗಳವಾರ ಗಾಜಿನ ಕೋಣೆಯಲ್ಲಿ ಅವಳು ಹೇಳಿದಳು. ಹಾಳೆಯಿಂದ ಉದುರಿದ ಸಾಲನ್ನು ಮತ್ತೆ ಎತ್ತಿಕೊಳ್ಳಬೇಕು. ಅದರಲ್ಲಿ ನನ್ನ ಅಕ್ಕ ಇದ್ದಾರೆ. ಹೋದ ಸಲ ಮುಚ್ಚಿಟ್ಟೆ. ನಿಯಮದ ಪ್ರಕಾರ ಸಾಲನ್ನು ನಿಮ್ಮ ಕೈಗೆ ಕೊಡುತ್ತಿದ್ದೇನೆ. ಬೈಗುಳಕ್ಕೆ ಮೈ ಗಟ್ಟಿ ಮಾಡಿಕೊಂಡು ನಿಂತಿದ್ದಳು. ಮ್ಯಾನೇಜರ ಮುಖ ಅರಳಿತು.

"ಅಯ್ಯೋ, ಮೊದಲೇ ಹೇಳ್ಬಾರ್ದಿತ್ತಾ? ಸ್ವಂತ ಅಕ್ಕ ಅಂತೀರಿ. ಇಂಥ ಸಣ್ಣ ವಿಷಯಕ್ಕೆ ಇಷ್ಟು ಸಂಕೋಚ ಪಟ್ಕೊಂಡ್ರೆ ಹೇಗೆ? ನಾವೇನು ಪರಕೀಯರಾ?" ಮೂಲೆಯ ಕಡೆ ತಿರುಗಿದರು. "ಇವತ್ತೇ ಹಿಡ್ಕೊಳ್ಳಿ. ಉಳಿದದ್ದು ಆಮೇಲೆ."

ಕೋಣೆಯಲ್ಲಿ ಒಂದಿಬ್ಬರು ಸಮಾಧಾನದಿಂದ ನಕ್ಕರು. ತಕ್ಕಡಿಗೂ ಮನೆ-ಮಂದಿ ಇದ್ದಾರೆ ಎಂದು ಅವರಿಗೆ ಆವತ್ತು ಗೊತ್ತಾದಂತಿತ್ತು. ಹೊರಗೆ ಬರುವಾಗ ಯಾರೋ ಅವಳ ಭುಜ ತಟ್ಟಿದರು. ಮುಂದಿನ ಮಂಗಳವಾರ ಇನ್ನೊಬ್ಬರು ತಮ್ಮ ಚಿಕ್ಕಮ್ಮನ ಸಾಲು ತಂದರು, ಅದೂ ಮೇಲಕ್ಕೆ ಹೋಯಿತು.

ಮೂಲೆ ಗುರುವಾರಕ್ಕೆ ಮುಗಿಸಿದ. ಬಟನ್ ಫೋಟೋದ ಮೇಲಕ್ಕೆ ಬಂತು. ಹಳೇ ಫೋನಿನಲ್ಲೂ ಪುಟ ಒಂದೂವರೆ ಸೆಕೆಂಡಿಗೆ ತೆರೆಯಿತು.

ಅವಳು ಅಕ್ಕನಿಗೆ ಫೋನು ಮಾಡಿದಳು. ಗಂಟೆ ಹೊಡೆದು ಹೊಡೆದು ನಿಂತಿತು. ಶುಕ್ರವಾರ ಮಾಡಿದಳು, ಶನಿವಾರ ಮಾಡಿದಳು. ಭಾನುವಾರ ಮನೆಗೆ ಹೋದರೆ ಬೀಗ ಹಾಕಿತ್ತು. ತನ್ನ ಹತ್ತಿರ ಬೀಗದ ಕೈ ಇತ್ತು. ತೆಗೆದು ಒಳಗೆ ಹೋಗುವ ಧೈರ್ಯವಾಗಲಿಲ್ಲ. ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ನಿಂತು ವಾಪಸು ಬಂದಳು.

ಎರಡು ವಾರದ ಮೇಲೆ ಮಧ್ಯಾಹ್ನ, ಗೊತ್ತಿಲ್ಲದ ನಂಬರಿನಿಂದ ಫೋನು ಬಂತು. ಸೂಜಿ. ಹಿಂದೆ ವಾರ್ಡಿನ ಸದ್ದು, ಯಾವುದೋ ಮಗು ಕೆಮ್ಮುವುದು, ಟ್ರಾಲಿಯ ಚಕ್ರ ಉರುಳುವುದು ಕೇಳುತ್ತಿತ್ತು.

"ಹೇಗಿದ್ದೀಯಮ್ಮ? ನಿನ್ನ ಅಕ್ಕ ಎಲ್ಲಾ ಹೇಳಿದ್ಳು. ನನಗೋಸ್ಕರ ಆಫೀಸಲ್ಲಿ ಎಲ್ಲರ ಹತ್ರ ಮಾತಾಡಿ ಸರಿಮಾಡಿಸಿದ್ಯಂತೆ. ಈ ತಿಂಗಳು ಆಗ್ಲೇ ಒಂಬತ್ತಾಯ್ತು ನಂದು. ಸ್ವಂತ ತಂಗಿ ಇದ್ದಿದ್ರೂ ಇಷ್ಟು ಮಾಡ್ತಿರ್ಲಿಲ್ಲ."

ಅವಳು ಕುರ್ಚಿಯಿಂದೆದ್ದು ಗೋಡೆಯ ಕಡೆ ಮುಖ ಮಾಡಿ ನಿಂತಳು. ಹೂಂ ಎಂದಳು. ಅದೇನು ದೊಡ್ಡದಲ್ಲ ಎಂದಳು. ಸೂಜಿ ಇನ್ನೇನು ಫೋನು ಇಡಬೇಕು ಎನ್ನುವಾಗ ಅವಳು ಕೇಳಿದಳು:

"ಅಕ್ಕ ಹೇಗಿದ್ದಾಳೆ?"

ಆ ಕಡೆ ಟ್ರಾಲಿಯ ಚಕ್ರ ನಿಂತಿತು.

"ಯಾಕೆ, ನಿನಗೆ ಫೋನ್ ಮಾಡಲ್ವಾ?" ಎಂದಳು ಸೂಜಿ.